ಸ್ಟೆಲ್ಲರ್ ಕಡಲಸಿಂಹ: ಅಷ್ಟೊಂದು ಪ್ರಾಣಿ ಹೋಗಿದ್ದು ಎಲ್ಲಿಗೆ?

ತುಂಗಾತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದರು. ಅವರನ್ನು ಕರೆದುಕೊಂಡು ಅಲಾಸ್ಕಾಕ್ಕೆ ಹೋಗಿ ಬಂದೆವು. ಸೂವರ್ಡ್ ಬಂದರಿನಿಂದ ದೋಣಿ ಹತ್ತಿ ಚಿಸ್ವೆಲ್ ದ್ವೀಪಗಳ ಕಡೆ ಹೋದಾಗ ಬಂಡೆಗಳ ಮೇಲೆ ಸ್ಟೆಲ್ಲರ್ ಕಡಲಸಿಂಹಗಳು ಮಲಗಿದ್ದವು. ಕಣ್ಣಿಗೆ ಬೀಳುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಸದ್ದು. ಬೊಗಳುವ ಸದ್ದಲ್ಲ, ಹೊಟ್ಟೆಯೊಳಗಿಂದ ಎದ್ದು ಬರುವ ಗುಡುಗು. ಒಂದು ಗಂಡಂತೂ ಇಡೀ ಬಂಡೆ ತನ್ನದೇ ಅನ್ನುವ ಹಾಗೆ ಕೂತಿತ್ತು. "ನಮ್ಮ ಕೋಣಕ್ಕಿಂತ ದೊಡ್ಡದಿದೆ ಅಲ್ವಾ" ಅಂದರು ಅಮ್ಮ.

ದೋಣಿಯ ಗೈಡ್ ಹೇಳಿದ ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. 1970ರ ದಶಕದಿಂದ 2000ದ ಹೊತ್ತಿಗೆ ಈ ಭಾಗದ ಕಡಲಸಿಂಹಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಇಲ್ಲವಾದವಂತೆ. ಕಾರಣ ಇದೇ ಅಂತ ಇವತ್ತಿಗೂ ಒಮ್ಮತ ಇಲ್ಲವಂತೆ. ಅಪ್ಪ ತಕ್ಷಣ ಕೇಳಿದರು: "ಇಷ್ಟು ದೊಡ್ಡ ಪ್ರಾಣಿ ಲಕ್ಷದ ಲೆಕ್ಕದಲ್ಲಿ ಸತ್ತರೆ ಹೆಣ ಎಲ್ಲಿ ಹೋಯಿತು?" ಗೈಡ್ ಸುಮ್ಮನೆ ನಕ್ಕಳು. ನನಗೂ ಗೊತ್ತಿರಲಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಾ?

ಹೊಳೆಬದಿ

ಪ್ಲಾಸ್ಟಿಕ್ ಇರಬೇಕು. ಕುತ್ತಿಗೆಗೆ ಪಟ್ಟಿ ಸಿಕ್ಕಿಕೊಂಡ ಕಡಲಸಿಂಹದ ಫೋಟೋ ನೋಡಿದ್ದೇನೆ, ನೋಡಲಾಗಲಿಲ್ಲ. ಪೆಟ್ಟಿಗೆ ಕಟ್ಟುವ ಗಟ್ಟಿ ಪಟ್ಟಿ. ಪ್ರಾಣಿ ಬೆಳೆದ ಹಾಗೆ ಚರ್ಮ ಸೀಳಿಕೊಂಡು ಒಳಗೆ ಇಳಿದಿತ್ತು.

ಕಡಲ ಲೆಕ್ಕ

ಹೊಳೆಬದಿ ಅವರೇ, ಆ ಪಟ್ಟಿ ನಿಜವಾದ ಹಿಂಸೆ. ಸಿಕ್ಕಿಕೊಂಡವುಗಳಲ್ಲಿ ತುಂಬ ಪ್ರಾಣಿಗಳಿಗೆ ಅದೇ ಕಾರಣ. ಆದರೆ ಇಷ್ಟು ದೊಡ್ಡ ಕುಸಿತಕ್ಕೆ ಅದು ಸಾಲುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಓದಿದ್ದು ವನ್ಯಜೀವಿಗಳ ಸಂಖ್ಯೆಯ ಲೆಕ್ಕ. ಓದುವಾಗ ಈ ಒಂದೇ ಪ್ರಾಣಿಯ ಮೇಲೆ ನಮ್ಮ ತರಗತಿಯಲ್ಲಿ ವಾರಗಟ್ಟಲೆ ವಾದ ನಡೆದಿತ್ತು.

ಮೊದಲು ನಕ್ಷೆ ಬಿಡಿಸಿ ನೋಡಿ. ಅಲಾಸ್ಕಾದ ತೀರದಲ್ಲಿ 144 ಡಿಗ್ರಿ ಪಶ್ಚಿಮ ರೇಖಾಂಶ ಹಾದುಹೋಗುತ್ತದೆ. ಅದರ ಪೂರ್ವಕ್ಕೆ ಇರುವವು ಒಂದು ಗುಂಪು. ಆಗ್ನೇಯ ಅಲಾಸ್ಕಾ, ಬ್ರಿಟಿಷ್ ಕೊಲಂಬಿಯಾ, ಕ್ಯಾಲಿಫೋರ್ನಿಯಾವರೆಗೆ. ಪಶ್ಚಿಮಕ್ಕೆ ಇರುವವು ಇನ್ನೊಂದು ಗುಂಪು. ಕೋಡಿಯಾಕ್, ಅಲ್ಯೂಶಿಯನ್ ದ್ವೀಪಗಳ ಸರಮಾಲೆ, ಆಚೆ ರಷ್ಯಾ. ಕುಸಿದದ್ದು ಪಶ್ಚಿಮದ ಗುಂಪು. 1970ರ ದಶಕದ ಕೊನೆಗೆ ಎರಡು ಲಕ್ಷಕ್ಕೂ ಮೀರಿ ಇದ್ದವು 2000ದ ಹೊತ್ತಿಗೆ 50 ಸಾವಿರಕ್ಕಿಂತ ಕೆಳಗೆ ಇಳಿದವು. 1980ರ ದಶಕದ ಎರಡನೇ ಅರ್ಧದಲ್ಲಂತೂ ವರ್ಷಕ್ಕೆ ನೂರಕ್ಕೆ 15ರಂತೆ ಇಳಿಯಿತು. 1990ರಲ್ಲಿ ಇಡೀ ಪ್ರಭೇದವನ್ನು ಅಮೆರಿಕದ ಅಳಿವಿನಂಚಿನ ಜೀವಿಗಳ ಕಾನೂನಿನಡಿ ತಂದರು. 1997ರಲ್ಲಿ ಎರಡು ಗುಂಪು ಮಾಡಿ, ಪಶ್ಚಿಮದ್ದನ್ನು ಇನ್ನೂ ಗಂಭೀರ ಪಟ್ಟಿಗೆ ಹಾಕಿದರು.

ಇದೇ ಕಾಲದಲ್ಲಿ ಪೂರ್ವದ ಗುಂಪು ಏನು ಮಾಡುತ್ತಿತ್ತು? ಬೆಳೆಯುತ್ತಿತ್ತು! 1979ರಲ್ಲಿ ಸುಮಾರು 18 ಸಾವಿರ ಇದ್ದದ್ದು 2010ಕ್ಕೆ ಸುಮಾರು 70 ಸಾವಿರ ಆಯಿತು. 2013ರಲ್ಲಿ ಅದನ್ನು ಪಟ್ಟಿಯಿಂದಲೇ ತೆಗೆದರು.

ಅದೇ ಪ್ರಾಣಿ, ಅದೇ ಸಾಗರ, ಪಕ್ಕಪಕ್ಕದ ನೀರು. ಯಾವ ಕಾರಣ ಕೊಟ್ಟರೂ ಅದು ಪಶ್ಚಿಮದಲ್ಲಿ ಕೊಂದು ಪೂರ್ವದಲ್ಲಿ ಯಾಕೆ ಬಿಟ್ಟಿತು ಅಂತಲೂ ಹೇಳಬೇಕು. ಪ್ಲಾಸ್ಟಿಕ್ ಪಟ್ಟಿ ಪೂರ್ವದ ಪ್ರಾಣಿಗಳ ಕುತ್ತಿಗೆಗೂ ಸಿಕ್ಕಿಕೊಳ್ಳುತ್ತದೆ.

ಮಲ್ಪೆಯ ಬಂಗುಡೆ

ಈಗ ಮುಂದಿನ ಕಮೆಂಟಿನಲ್ಲಿ ಯಾರೋ ಒಬ್ಬರು ಮೀನುಗಾರರ ತಲೆಗೆ ಕಟ್ಟುತ್ತಾರೆ ನೋಡಿ. ನಮ್ಮದು ಮೂರು ತಲೆಮಾರಿನ ಮೀನುಗಾರಿಕೆ. ಕಡಲಲ್ಲಿ ಏನು ಕಮ್ಮಿಯಾದರೂ ಮೊದಲು ಬೆರಳು ತೋರಿಸುವುದು ಬಲೆಯ ಕಡೆಗೇ. ಆಧಾರ ಇದ್ದರೆ ಒಪ್ಪುತ್ತೇನೆ. ಇಲ್ಲದೆ ಹೇಳಬೇಡಿ.

ಡೆಕ್ ಟಿಪ್ಪಣಿ

ಬಂಗುಡೆ ಅಣ್ಣ, ಆಧಾರ ಇರುವುದನ್ನೇ ಹೇಳುತ್ತೇನೆ. ನಾನು ಎರಡು ಸೀಸನ್ ಬೇರಿಂಗ್ ಸಮುದ್ರದ ಟ್ರಾಲರ್‌ಗಳಲ್ಲಿ ಅಬ್ಸರ್ವರ್ ಆಗಿದ್ದೆ. ಬಲೆ ಮೇಲೆ ಬಂದಾಗ ಅದರಲ್ಲಿ ಏನೇನಿದೆ ಅಂತ ಅಳೆದು, ತೂಗಿ, ಬರೆದು ಸರ್ಕಾರಕ್ಕೆ ಕೊಡುವ ಕೆಲಸ. ನನ್ನ ಕಾಲದಲ್ಲಿ ಬಲೆಯಲ್ಲಿ ಕಡಲಸಿಂಹ ಬರುವುದು ಅಪರೂಪ. ಬಂದರೆ ಒಂದೊಂದನ್ನೂ ದಾಖಲೆ ಮಾಡಲೇಬೇಕು.

ಹಿಂದೆ ಹಾಗಿರಲಿಲ್ಲ. 1960ರ ದಶಕದ ಮಧ್ಯದಿಂದ 1980ರ ದಶಕದ ಕೊನೆಯವರೆಗೆ ಟ್ರಾಲ್ ಬಲೆಗಳಲ್ಲಿ ಸಿಕ್ಕಿ ಸತ್ತವೇ 20 ಸಾವಿರದಷ್ಟು ಅಂತ ಅಂದಾಜಿದೆ. ಕೋಡಿಯಾಕ್ ಪಕ್ಕದ ಶೆಲಿಕಾಫ್ ಜಲಸಂಧಿಯಲ್ಲಿ 1982ರ ಒಂದೇ ಸೀಸನ್‌ನಲ್ಲಿ ಸಾವಿರದ ಆಸುಪಾಸು ಸತ್ತವು. ಇನ್ನೊಂದು ವಿಷಯ, 1963ರಿಂದ 1972ರವರೆಗೆ ಚರ್ಮಕ್ಕಾಗಿ ಸುಮಾರು 45 ಸಾವಿರ ಮರಿಗಳನ್ನು ಕೊಂದರು. ಅದು ಕಾನೂನುಬದ್ಧವಾಗಿಯೇ ನಡೆಯಿತು. ಮತ್ತೆ ಗುಂಡು. ಬಲೆ ಹರಿಯುತ್ತವೆ, ಮೀನು ಕದಿಯುತ್ತವೆ ಅಂತ ದೋಣಿಯಿಂದಲೇ ಗುಂಡು ಹೊಡೆಯುತ್ತಿದ್ದರು. 1990ರವರೆಗೆ ಅದಕ್ಕೆ ಅಡ್ಡಿ ಇರಲಿಲ್ಲ. ಅಲಾಸ್ಕಾದ ಡಚ್ ಹಾರ್ಬರ್ ಬಂದರಿನ ಜೆಟ್ಟಿಯಲ್ಲಿ ಒಬ್ಬ ವಯಸ್ಸಾದ ಮೀನುಗಾರ ನನಗೆ ಇದನ್ನು ಹೇಳಿದ. ಹೇಳುವಾಗ ನೀರಿನ ಕಡೆ ನೋಡುತ್ತಿದ್ದ, ನನ್ನ ಕಡೆ ನೋಡಲಿಲ್ಲ. ಎಷ್ಟು ಸತ್ತವು ಅನ್ನುವ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ತುಂಗಾತೀರ ಅವರ ತಂದೆ ಕೇಳಿದ ಪ್ರಶ್ನೆಗೆ ಉತ್ತರದ ಒಂದು ತುಂಡು ಇಲ್ಲಿದೆ. ಗುಂಡು ತಿಂದದ್ದು ಮುಳುಗುತ್ತದೆ. ಬಲೆಯಲ್ಲಿ ಸತ್ತದ್ದನ್ನು ಕಡಲಿಗೇ ಎಸೆಯುತ್ತಾರೆ. ಅಲ್ಯೂಶಿಯನ್ ತೀರದಲ್ಲಿ ನೂರಾರು ಮೈಲಿ ಮನುಷ್ಯರೇ ಇಲ್ಲ. ದಡಕ್ಕೆ ಬಂದರೂ ನೋಡುವವರು ಯಾರು?

ಮಲ್ಪೆಯ ಬಂಗುಡೆ

ಮರಿಗಳದ್ದು ಗೊತ್ತಿರಲಿಲ್ಲ. ಗುಂಡಿನದ್ದು ಕೇಳಿ ಬೇಸರವಾಯಿತು. ಒಪ್ಪಿದೆ. ಆದರೆ ಇದಿಷ್ಟೂ 1990ಕ್ಕೆ ಮುಗಿಯಿತಲ್ಲ? ಆಮೇಲೂ ಹತ್ತು ವರ್ಷ ಯಾಕೆ ಇಳಿಯಿತು?

ಕಡಲ ಲೆಕ್ಕ

ಅಣ್ಣ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಇಲ್ಲಿ ಇರುವುದು ಒಂದು ಪ್ರಶ್ನೆ ಅಲ್ಲ, ಎರಡು. ಮೊದಲು ಬಿದ್ದದ್ದು ಯಾಕೆ? ಬಿದ್ದ ಮೇಲೆ ಏಳಲಿಲ್ಲ ಯಾಕೆ? ಎರಡಕ್ಕೂ ಒಂದೇ ಉತ್ತರ ಹುಡುಕಿದ್ದರಿಂದಲೇ ವಿಜ್ಞಾನಿಗಳ ನಡುವೆ ಇಷ್ಟು ಜಗಳ ಆಯಿತು ಅಂತ ನನ್ನ ಅನಿಸಿಕೆ.

1990ರ ನಂತರದ ಮೊದಲ ವಾದ ಊಟದ್ದು. 1976-77ರ ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಹವೆಯೇ ಮಗ್ಗುಲು ಬದಲಿಸಿತು. ನೀರು ಬೆಚ್ಚಗಾಯಿತು. ಅಲಾಸ್ಕಾ ಕೊಲ್ಲಿಯಲ್ಲಿ ಸಿಗಡಿ, ಕ್ಯಾಪೆಲಿನ್ ಥರದ ಸಣ್ಣ ಕೊಬ್ಬಿನ ಮೀನು ಕಮ್ಮಿಯಾದವು. ಕೋಡಿಯಾಕ್‌ನ ಸಿಗಡಿ ಮೀನುಗಾರಿಕೆ ನೆಲಕಚ್ಚಿತು. ಪೊಲಾಕ್, ಕಾಡ್ ಅನ್ನುವ ಬಿಳಿ ಮಾಂಸದ ಮೀನು ಜಾಸ್ತಿಯಾದವು. ಪೊಲಾಕ್‌ನಲ್ಲಿ ಕೊಬ್ಬು ಕಮ್ಮಿ. ಅಂದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ರೋಸನ್, ಆಂಡ್ರ್ಯೂ ಟ್ರೈಟ್ಸ್ ಅವರು ವ್ಯಾಂಕೂವರ್ ಅಕ್ವೇರಿಯಂನ ಕಡಲಸಿಂಹಗಳಿಗೆ ಹೆರಿಂಗ್ ಬಿಡಿಸಿ ಬರೀ ಪೊಲಾಕ್ ಕೊಟ್ಟು ನೋಡಿದರು. ಬೇಕಾದಷ್ಟು ತಿನ್ನಲು ಬಿಟ್ಟರೂ ತೂಕ ಇಳಿಯಿತು. ಇದಕ್ಕೆ "ಜಂಕ್ ಫುಡ್ ವಾದ" ಅನ್ನುವ ಹೆಸರೇ ಬಂತು.

ಮಲ್ಪೆಯ ಬಂಗುಡೆ

ಇದು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಹೆರಿಂಗ್ ನಮ್ಮ ಬೂತಾಯಿಯ ಬಳಗದ್ದೇ. ಕೊಬ್ಬು ಬಂದ ಬೂತಾಯಿಯನ್ನು ಕಾವಲಿಗೆ ಹಾಕಿದರೆ ಎಣ್ಣೆ ತಾನೇ ಬಿಡುತ್ತದೆ. ಬಿಳಿ ಮಾಂಸದ ಮೀನು ಹಾಗಲ್ಲ, ಕೈಯಿಂದ ಎಣ್ಣೆ ಹಾಕಬೇಕು.

ಡೆಕ್ ಟಿಪ್ಪಣಿ

ಕಡಲಸಿಂಹ ಏನು ತಿಂದಿದೆ ಅಂತ ಹೇಗೆ ತಿಳಿಯುತ್ತದೆ ಗೊತ್ತಾ? ಲದ್ದಿಯಿಂದ. ನನ್ನ ಜೊತೆ ರೂಮಿನಲ್ಲಿದ್ದ ಹುಡುಗಿ ಒಂದು ಬೇಸಿಗೆ ಪೂರ್ತಿ ಅದೇ ಕೆಲಸ ಮಾಡಿದ್ದಳು. ಪ್ರಾಣಿಗಳು ನೀರಿಗೆ ಇಳಿದ ಮೇಲೆ ಬಂಡೆ ಹತ್ತಿ ಲದ್ದಿಯನ್ನು ಚಮಚದಲ್ಲಿ ಕೆರೆದು ಚೀಲಕ್ಕೆ ತುಂಬುವುದು. ಲ್ಯಾಬಿಗೆ ತಂದು ಒಂದರ ಕೆಳಗೊಂದು ಜರಡಿ ಇಟ್ಟು ನೀರು ಬಿಡುವುದು. ಕೊನೆಗೆ ಜರಡಿಯಲ್ಲಿ ಉಳಿಯುವುದು ಮುಳ್ಳು, ಹಲ್ಲು, ಮತ್ತೆ ಅಕ್ಕಿಕಾಳಿನಷ್ಟು ಬಿಳಿ ಕಲ್ಲು. ಅದು ಮೀನಿನ ಕಿವಿಯೊಳಗಿನ ಕಲ್ಲು. ಒಂದೊಂದು ಮೀನಿಗೆ ಒಂದೊಂದು ಆಕಾರ. ಅದನ್ನು ನೋಡಿ ಇದು ಪೊಲಾಕ್, ಇಷ್ಟು ಉದ್ದದ್ದು ಅಂತ ಹೇಳಿಬಿಡುತ್ತಾರೆ. ಅವಳ ಕೂದಲಿಗೆ ಹತ್ತಿದ ವಾಸನೆ ವಾರವಾದರೂ ಹೋಗಲಿಲ್ಲ. ಆದರೆ ಒಂದು ದಿನವೂ ಬೇಸರ ಪಟ್ಟುಕೊಂಡವಳಲ್ಲ.

ಲದ್ದಿ ಲೆಕ್ಕದಿಂದ ಸಿಕ್ಕ ದೊಡ್ಡ ಸಂಗತಿ ಇದು: ಎಲ್ಲಿ ಹಲವು ಬಗೆಯ ಮೀನು ತಿನ್ನುತ್ತಿದ್ದವೋ ಅಲ್ಲಿ ಸಂಖ್ಯೆ ನಿಧಾನವಾಗಿ ಇಳಿದಿದೆ. ಎಲ್ಲಿ ಒಂದೇ ಬಗೆಯ ಮೀನನ್ನು ನಂಬಿಕೊಂಡಿದ್ದವೋ ಅಲ್ಲಿ ಬೇಗ ಇಳಿದಿದೆ.

ಕಡಲ ಲೆಕ್ಕ

ಇದಕ್ಕೆ ಒಂದು ಅಡ್ಡಿ ಇದೆ, ಅದನ್ನೂ ಹೇಳಲೇಬೇಕು. ತಾಯಿಗೆ ಊಟ ಸಾಲದಿದ್ದರೆ ಮೊದಲು ಬಡಕಲಾಗುವುದು ಮರಿ ತಾನೇ? 1990ರ ದಶಕದಲ್ಲಿ ಪಶ್ಚಿಮದ ಮರಿಗಳನ್ನು ಹಿಡಿದು ತೂಗಿದರು. ಅವು ದಷ್ಟಪುಷ್ಟವಾಗಿದ್ದವು. ಪೂರ್ವದ ಮರಿಗಳಿಗಿಂತ ಒಂದು ಕೈ ಮೇಲೇ. ತಾಯಂದಿರು ಬೇಟೆಗೆ ಹೋಗಿ ಬರುತ್ತಿದ್ದ ಅವಧಿಯೂ ಉದ್ದವಾಗಿರಲಿಲ್ಲ. ಹಸಿವಿನ ಲಕ್ಷಣ ಕಾಣಲಿಲ್ಲ.

ಹಾಗಂತ ಊಟದ ವಾದ ಸತ್ತುಹೋಗಲಿಲ್ಲ. ಮಧ್ಯ ಅಲಾಸ್ಕಾ ಕೊಲ್ಲಿಯ ಹಳೆಯ ಎಣಿಕೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದವರು, ಹೆಣ್ಣುಗಳು ಮರಿ ಹಾಕುವ ಪ್ರಮಾಣವೇ 1970ರ ದಶಕಕ್ಕೆ ಹೋಲಿಸಿದರೆ ತುಂಬ ಇಳಿದಿದೆ ಅಂದರು. ಚಿಸ್ವೆಲ್‌ನಲ್ಲಿ ಕ್ಯಾಮೆರಾ ಇಟ್ಟು ಒಂದೊಂದು ಹೆಣ್ಣನ್ನೂ ಗುರುತು ಹಿಡಿದು ನೋಡಿದವರು, ಇಲ್ಲಿ ಹಾಗೇನೂ ಇಲ್ಲ ಅಂದರು. ಎರಡೂ ಕಡೆಯವರು ಪ್ರಾಮಾಣಿಕರೇ.

ಕಾರವಾರ ಟೀಚರ್

ತುಂಬ ಚೆನ್ನಾಗಿ ಹೇಳುತ್ತಿದ್ದೀರಿ, ಮಕ್ಕಳಿಗೆ ಓದಿ ಹೇಳುತ್ತೇನೆ. ಒಂದು ಅನುಮಾನ. ಓರ್ಕಾ ತಿಮಿಂಗಿಲಗಳು ಕಡಲಸಿಂಹವನ್ನು ಹಿಡಿದು ಗಾಳಿಗೆ ಎಸೆಯುವ ವಿಡಿಯೋ ನೋಡಿದ್ದೇನೆ. ಅವೇ ತಿಂದು ಮುಗಿಸಿರಬಾರದಾ?

ಕಡಲ ಲೆಕ್ಕ

ಟೀಚರ್, ಅದೇ ಎರಡನೇ ದೊಡ್ಡ ವಾದ.

1992ರಲ್ಲಿ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಒಂದು ಸತ್ತ ಓರ್ಕಾ ಸಿಕ್ಕಿತು. ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಪ್ಲಾಸ್ಟಿಕ್ ಬಿಲ್ಲೆಗಳು. ಕೆಲವು ವರ್ಷ ಹಿಂದೆ ಮಾರ್ಮಟ್ ದ್ವೀಪದಲ್ಲಿ ವಿಜ್ಞಾನಿಗಳೇ ಕಡಲಸಿಂಹದ ಮರಿಗಳ ರೆಕ್ಕೆಗಾಲಿಗೆ ಹಾಕಿದ್ದ ಗುರುತಿನ ಬಿಲ್ಲೆ. ಒಂದಲ್ಲ ಎರಡಲ್ಲ, 14! ಮಾರ್ಮಟ್ ಒಂದು ಕಾಲಕ್ಕೆ ಅಲಾಸ್ಕಾದಲ್ಲೇ ಅತಿ ಹೆಚ್ಚು ಮರಿ ಹುಟ್ಟುತ್ತಿದ್ದ ಜಾಗಗಳಲ್ಲಿ ಒಂದು. ಆ ಬಿಲ್ಲೆಗಳ ಬಗ್ಗೆ ಓದಿದ ದಿನ ನಾನು ತುಂಬ ಹೊತ್ತು ಬೇರೇನೂ ಓದಲಿಲ್ಲ.

ಓರ್ಕಾಗಳಲ್ಲೂ ಬೇರೆಬೇರೆ ಬಳಗ ಇವೆ. ಒಂದು ಬಳಗ ಮೀನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಇನ್ನೊಂದು ಬಳಗದ್ದು ಬರೀ ಸಸ್ತನಿಗಳ ಬೇಟೆ. ಎರಡನೆಯ ಬಳಗದ ಸುಮಾರು 40 ಪ್ರಾಣಿ ಕಡಲಸಿಂಹವನ್ನೇ ನಂಬಿಕೊಂಡರೆ ಸಾಕು, ಆ ಕುಸಿತಕ್ಕೆ ಲೆಕ್ಕ ಸರಿಹೋಗುತ್ತದೆ ಅಂತ 2004ರಲ್ಲಿ ಒಂದು ಅಧ್ಯಯನ ತೋರಿಸಿತು. ತುಂಗಾತೀರ ಅವರೇ, ನಿಮ್ಮ ತಂದೆಯ ಪ್ರಶ್ನೆಗೆ ಉತ್ತರದ ಇನ್ನೊಂದು ತುಂಡು ಇದು. ಓರ್ಕಾ ತಿಂದರೆ ಹೆಣವೇ ಉಳಿಯುವುದಿಲ್ಲ.

ಡೆಕ್ ಟಿಪ್ಪಣಿ

ಕಡಲ ನೀರುನಾಯಿಯ ಕಥೆ ಇಲ್ಲಿಗೆ ಸೇರಬೇಕು. 1990ರ ದಶಕದಲ್ಲಿ ಅಲ್ಯೂಶಿಯನ್‌ನಲ್ಲಿ ಅವೂ ಧಡಧಡ ಇಳಿದವು. ಅಡಾಕ್ ದ್ವೀಪದಲ್ಲಿ ಕ್ಲ್ಯಾಮ್ ಲಗೂನ್ ಅಂತ ಒಂದು ಹಿನ್ನೀರು ಇದೆ. ಅದರ ಬಾಯಿ ಕಿರಿದು, ನೀರು ಆಳ ಇಲ್ಲ, ಓರ್ಕಾ ಒಳಗೆ ಬರಲು ಆಗುವುದಿಲ್ಲ. ಜೇಮ್ಸ್ ಎಸ್ಟೆಸ್ ಮತ್ತು ಜೊತೆಗಾರರು ಒಳಗಿನ ನೀರುನಾಯಿಗಳನ್ನೂ ಪಕ್ಕದ ತೆರೆದ ಕೊಲ್ಲಿಯವನ್ನೂ ಹೋಲಿಸಿ ನೋಡಿದರು. ಲಗೂನಿನಲ್ಲಿ ಸಂಖ್ಯೆ ಹಾಗೇ ಇತ್ತು. ಹೊರಗೆ ಕುಸಿದಿತ್ತು. ಅದು 1998ರಲ್ಲಿ ಪ್ರಕಟವಾಯಿತು.

2003ರಲ್ಲಿ ಅದೇ ಬಳಗದವರು ಇನ್ನೂ ದೊಡ್ಡ ಮಾತು ಆಡಿದರು. ಎರಡನೇ ಮಹಾಯುದ್ಧದ ನಂತರ ದೊಡ್ಡ ತಿಮಿಂಗಿಲಗಳನ್ನು ಮನುಷ್ಯರು ಲಕ್ಷಗಟ್ಟಲೆ ಕೊಂದರು. ಊಟ ಕಳೆದುಕೊಂಡ ಓರ್ಕಾ ಸೀಲ್‌ಗಳ ಕಡೆ ತಿರುಗಿತು, ಆಮೇಲೆ ಕಡಲಸಿಂಹ, ಕೊನೆಗೆ ನೀರುನಾಯಿ. ಒಂದಾದ ಮೇಲೆ ಒಂದು ಬಿದ್ದವು ಅಂದರು.

ಕಡಲ ಲೆಕ್ಕ

ಕೇಳಲು ಸರಳ, ಮನಸ್ಸಿಗೂ ಒಪ್ಪುತ್ತದೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬ್ರಿಟಿಷ್ ಕೊಲಂಬಿಯಾದ ನೀರಿನಲ್ಲೂ ತಿಮಿಂಗಿಲ ಬೇಟೆ ಜೋರಾಗಿತ್ತು, ಅಲ್ಲೂ ಸಸ್ತನಿ ತಿನ್ನುವ ಓರ್ಕಾ ಇವೆ. ಆದರೆ ಅಲ್ಲಿ ಸೀಲ್, ಕಡಲಸಿಂಹ ಎರಡೂ ಹೆಚ್ಚಾದವು. ಓರ್ಕಾಗೆ ದೊಡ್ಡ ತಿಮಿಂಗಿಲವೇ ಮುಖ್ಯ ಊಟವಾಗಿತ್ತು ಅನ್ನುವುದಕ್ಕೂ ಗಟ್ಟಿ ಸಾಕ್ಷಿ ಇಲ್ಲ. ಆದರೆ ಸಂಖ್ಯೆ ಒಮ್ಮೆ ಕಮ್ಮಿಯಾದ ಮೇಲೆ ಓರ್ಕಾ ಅವನ್ನು ಮೇಲೆ ಏಳಲು ಬಿಡಲಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಎರಡು ಲಕ್ಷ ಇದ್ದಾಗ ವರ್ಷಕ್ಕೆ ಕೆಲವು ಸಾವಿರ ತಿಂದರೆ ಗೊತ್ತೇ ಆಗುವುದಿಲ್ಲ. 40 ಸಾವಿರ ಇದ್ದಾಗ ಅಷ್ಟೇ ತಿಂದರೆ ಬುಡವೇ ಅಲ್ಲಾಡುತ್ತದೆ.

ಇದಕ್ಕೆ ನೇರ ಸಾಕ್ಷಿ ಕೊಟ್ಟದ್ದು ಮಾರ್ಕಸ್ ಹಾರ್ನಿಂಗ್, ಜೋ-ಆನ್ ಮೆಲಿಶ್ ಅವರ ಕೆಲಸ. ಎಳೆಯ ಕಡಲಸಿಂಹಗಳ ಹೊಟ್ಟೆಯೊಳಗೆ ಒಂದು ಸಣ್ಣ ಯಂತ್ರ ಇಟ್ಟು ಹೊಲಿದು ಬಿಟ್ಟರು. ಪ್ರಾಣಿ ಬದುಕಿರುವಷ್ಟು ದಿನ ಅದು ಸುಮ್ಮನಿರುತ್ತದೆ, ಮೈಯ ಬಿಸಿ ಬರೆದುಕೊಳ್ಳುತ್ತದೆ ಅಷ್ಟೇ. ಸತ್ತ ಮೇಲೆ ಹೊರಗೆ ತೇಲಿ ಬಂದು ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ. ರೋಗದಿಂದ ಸತ್ತರೆ ಮೈ ನಿಧಾನವಾಗಿ ತಣ್ಣಗಾಗುತ್ತದೆ. ಯಾರೋ ಸೀಳಿದರೆ ಬಿಸಿ ಒಮ್ಮೆಲೇ ಬೀಳುತ್ತದೆ. 36 ಪ್ರಾಣಿಗಳಲ್ಲಿ 17 ಸಾವಿನ ಸುದ್ದಿ ಬಂತು. ಅದರಲ್ಲಿ ಕನಿಷ್ಠ 15 ಬೇಟೆಗೆ ಬಲಿಯಾದವು. ಕೊಂದದ್ದು ಎಲ್ಲ ಓರ್ಕಾವೇ ಅಂತಲೂ ಅಲ್ಲ. ಕೆಲವು ಕಡೆ ಯಂತ್ರ ಬಿದ್ದದ್ದು ಕತ್ತಲೆಯ, ತಣ್ಣನೆಯ ಜಾಗಕ್ಕೆ. ಅಂದರೆ ಬೆಚ್ಚಗಿನ ಮೈಯ ಓರ್ಕಾದ ಹೊಟ್ಟೆ ಅದಲ್ಲ. ಆಳದಲ್ಲಿರುವ ಸ್ಲೀಪರ್ ಶಾರ್ಕ್ ಇರಬೇಕು ಅಂತ ಅವರ ತೀರ್ಮಾನ.

ಕಾರವಾರ ಟೀಚರ್

ಹೊಟ್ಟೆ ಕೊಯ್ದು ಯಂತ್ರ ಇಡುವುದಾ? ಉಳಿಸಲು ಹೋಗಿ ಹಿಂಸೆ ಮಾಡಿದ ಹಾಗಲ್ಲವಾ?

ಡೆಕ್ ಟಿಪ್ಪಣಿ

ಆ ಪ್ರಶ್ನೆ ಅಲ್ಲಿಯೂ ಎದ್ದಿದೆ ಟೀಚರ್. ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡುತ್ತಾರೆ, ಆಮೇಲೆ ಆರೈಕೆ ಮಾಡಿ ಬಿಡುತ್ತಾರೆ. ಜಾಸ್ತಿ ಜಗಳ ಆದದ್ದು ಮರಿಗಳಿಗೆ ಬರೆ ಹಾಕುವ ವಿಷಯಕ್ಕೆ. ಕೆಲವು ವಾರದ ಮರಿಗೆ ಅರಿವಳಿಕೆ ಕೊಟ್ಟು, ಕಾದ ಕಬ್ಬಿಣದಿಂದ ಪಕ್ಕೆಯ ಮೇಲೆ ಅಕ್ಷರ, ಅಂಕಿ ಒತ್ತುತ್ತಾರೆ. ದೂರದಿಂದ ದುರ್ಬೀನಿನಲ್ಲಿ ಓದಬಹುದು, ಎಷ್ಟು ವರ್ಷ ಬದುಕಿತು ಅಂತ ತಿಳಿಯಬಹುದು. ಪ್ರಾಣಿದಯಾ ಸಂಘಟನೆಯವರು ಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು ಸಂಶೋಧನೆಯ ಪರವಾನಗಿಗಳನ್ನೇ ರದ್ದು ಮಾಡಿತು. ಪರಿಣಾಮದ ಬಗ್ಗೆ ಪೂರ್ತಿ ಪರಿಶೀಲನೆ ಆದ ಮೇಲೆ ಕೆಲಸ ಮತ್ತೆ ಶುರುವಾಯಿತು. ಬರೆ ಹಾಕುವುದನ್ನು ನಾನು ನೋಡಿಲ್ಲ. ನೋಡುವ ಆಸೆಯೂ ಇಲ್ಲ. ಆದರೆ ಮರಿಗಳು ಎಷ್ಟು ಬದುಕುತ್ತವೆ ಅನ್ನುವುದು ಅದರಿಂದಲೇ ತಿಳಿದದ್ದು. ಈ ವಿಷಯದಲ್ಲಿ ನನ್ನ ಮನಸ್ಸು ಇವತ್ತಿಗೂ ಎರಡಾಗಿಯೇ ಇದೆ.

ಹೊಳೆಬದಿ

ರೋಗ? ವಿಷ?

ಕಡಲ ಲೆಕ್ಕ

ರಕ್ತ ಪರೀಕ್ಷೆ ಬೇಕಾದಷ್ಟು ಮಾಡಿದ್ದಾರೆ. ಇಡೀ ಕುಸಿತಕ್ಕೆ ರೋಗವೇ ಕಾರಣ ಅನ್ನುವಂಥ ಗುರುತು ಸಿಗಲಿಲ್ಲ. ಪಾದರಸದ ಮಾತು ಬೇರೆ. ಪಶ್ಚಿಮದ ತುತ್ತತುದಿಯ ಅಗಾಟು ದ್ವೀಪದ ಕೆಲವು ಮರಿಗಳ ಕೂದಲಿನಲ್ಲಿ, ರಕ್ತದಲ್ಲಿ ಪಾದರಸ ಆತಂಕ ಪಡುವ ಮಟ್ಟದಲ್ಲಿದೆ.

ಆ ತುದಿಯ ಬಗ್ಗೆ ಹೇಳಲೇಬೇಕು. 2003ರ ಸುಮಾರಿಗೆ ಪಶ್ಚಿಮದ ಗುಂಪು ಒಟ್ಟಾರೆ ಚೇತರಿಸಿಕೊಳ್ಳಲು ಶುರುವಾಯಿತು. ಈಗ ಅಮೆರಿಕದ ಕಡೆ ಸುಮಾರು 50 ಸಾವಿರ ಇವೆ. ಆದರೆ ಅಟು, ಅಗಾಟು, ಬುಲ್ಡಿರ್ ದ್ವೀಪಗಳ ಕಡೆ ಇಳಿಯುತ್ತಲೇ ಹೋಯಿತು. ಪೂರ್ವದಿಂದ ಪಶ್ಚಿಮಕ್ಕೆ ಹೋದ ಹಾಗೆ ಸ್ಥಿತಿ ಕೆಡುತ್ತದೆ. ನಡುವೆ 2014-16ರಲ್ಲಿ ಅಲಾಸ್ಕಾ ಕೊಲ್ಲಿಯ ನೀರು ವಿಪರೀತ ಬಿಸಿಯಾಯಿತು. ಕಾಡ್ ಮೀನು ಎಷ್ಟು ಕುಸಿಯಿತು ಅಂದರೆ 2020ರಲ್ಲಿ ಅಲ್ಲಿ ಅದರ ಮೀನುಗಾರಿಕೆಯನ್ನೇ ನಿಲ್ಲಿಸಿದರು. ಚೇತರಿಸಿಕೊಂಡಿದ್ದ ಜಾಗಗಳಲ್ಲೂ 2017ರ ಎಣಿಕೆಯಲ್ಲಿ ಮರಿ ಕಮ್ಮಿ ಕಂಡವು. ಹಾಗಾಗಿ ಊಟದ ವಾದ ಈಗ ಮತ್ತೆ ಜೀವ ಪಡೆದಿದೆ.

ಮಲ್ಪೆಯ ಬಂಗುಡೆ

ಮೀನುಗಾರಿಕೆ ನಿಲ್ಲಿಸಿದರೆ ಕಡಲಸಿಂಹ ಹೆಚ್ಚುತ್ತದಾ? ಯಾರಾದರೂ ನಿಲ್ಲಿಸಿ ನೋಡಿದ್ದಾರಾ?

ಡೆಕ್ ಟಿಪ್ಪಣಿ

ನಿಲ್ಲಿಸಿದ್ದಾರೆ, ಆದರೆ ನೋಡುವ ಹಾಗೆ ನಿಲ್ಲಿಸಲಿಲ್ಲ. ಮರಿ ಹಾಕುವ ಬಂಡೆಗಳ ಸುತ್ತ 3 ನಾಟಿಕಲ್ ಮೈಲಿ ದೋಣಿ ಹೋಗುವಂತಿಲ್ಲ. 20 ಮೈಲಿವರೆಗೆ ಬೇರೆಬೇರೆ ನಿರ್ಬಂಧ. 2000ದಲ್ಲಿ ಕೋರ್ಟು ಆ ಪ್ರದೇಶದಲ್ಲಿ ಟ್ರಾಲಿಂಗ್ ನಿಲ್ಲಿಸಿದಾಗ ಗಲಾಟೆಯೋ ಗಲಾಟೆ. ಮರುವರ್ಷ ಸಂಶೋಧನೆಗೆ 4 ಕೋಟಿ ಡಾಲರ್‌ಗೂ ಜಾಸ್ತಿ ಹಣ ಬಂತು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ ಒಂದು ದಾರಿ ಹೇಳಿತು. ಕೆಲವು ಬಂಡೆಗಳ ಸುತ್ತ ಮೀನುಗಾರಿಕೆ ಪೂರ್ತಿ ಮುಚ್ಚಿ, ಕೆಲವು ಕಡೆ ತೆರೆದಿಟ್ಟು, ವರ್ಷಗಟ್ಟಲೆ ಹೋಲಿಸಿ ಅಂತ. ಅದು ಆ ರೂಪದಲ್ಲಿ ನಡೆಯಲೇ ಇಲ್ಲ. ನನಗೆ ಅತಿ ಹೆಚ್ಚು ಹೊಟ್ಟೆ ಉರಿಯುವುದು ಇದೊಂದಕ್ಕೆ. ಉತ್ತರ ಸಿಗುವ ದಾರಿ ಕಣ್ಣೆದುರೇ ಇತ್ತು.

2011ರಿಂದ ಪಶ್ಚಿಮ ತುದಿಯಲ್ಲಿ ಆಟ್ಕಾ ಮ್ಯಾಕೆರೆಲ್ ಮತ್ತು ಕಾಡ್ ಮೀನುಗಾರಿಕೆ ಮುಚ್ಚಿದರು. ಕೆಲವು ವರ್ಷಕ್ಕೆ ಮತ್ತೆ ಸಡಿಲ ಮಾಡಿದರು. ಅಡಾಕ್‌ನಂಥ ಸಣ್ಣ ಊರಿಗೆ ಅದು ದೊಡ್ಡ ಪೆಟ್ಟು. ಅಣ್ಣ, ನಿಮಗೆ ಗೊತ್ತೇ ಇದೆ, ಹೀಗೆ ಮುಚ್ಚಿದಾಗ ದೊಡ್ಡ ಹಡಗು ಬೇರೆ ಕಡೆ ಹೋಗುತ್ತದೆ. ಸಣ್ಣ ದೋಣಿ ಎಲ್ಲಿಗೂ ಹೋಗುವುದಿಲ್ಲ.

ಮಲ್ಪೆಯ ಬಂಗುಡೆ

ಗೊತ್ತು. ಆ ಹೋಲಿಕೆ ಮಾಡಿದ್ದರೆ ಸಣ್ಣ ದೋಣಿಯವರೂ ಒಪ್ಪುತ್ತಿದ್ದರು ಅಂತ ನನಗೆ ಅನಿಸುತ್ತದೆ. ಏನೂ ತಿಳಿಯದೆ ದಡದಲ್ಲಿ ಕೂರುವುದಕ್ಕಿಂತ ಅದೇ ವಾಸಿ.

ತುಂಗಾತೀರ

ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿ ಊಟ ಆದ ಮೇಲೆ ಪೂರ್ತಿ ಅಪ್ಪನಿಗೆ ಓದಿ ಹೇಳಿದೆ. 14 ಬಿಲ್ಲೆಯ ಜಾಗಕ್ಕೆ ಬಂದಾಗ "ಇನ್ನೊಮ್ಮೆ ಓದು" ಅಂದರು. ಕೊನೆಗೆ ಅವರದ್ದೇ ಒಂದು ಪ್ರಶ್ನೆ: ನಾವು ನೋಡಿದವು ಯಾವ ಗುಂಪಿನವು, ಬಿದ್ದವೋ ಬೆಳೆದವೋ?

ಕಡಲ ಲೆಕ್ಕ

ಪಶ್ಚಿಮದವು. ಚಿಸ್ವೆಲ್ ಇರುವುದು ಆ 144ರ ಗೆರೆಯ ಆಚೆಗೆ. ನಾನು ಮೇಲೆ ಹೇಳಿದ ಕ್ಯಾಮೆರಾಗಳು ಇರುವುದೂ ಅದೇ ಬಂಡೆಗಳ ಮೇಲೆ. ಸೂವರ್ಡ್‌ನ ಸೀಲೈಫ್ ಸೆಂಟರ್‌ನವರು ಅಲ್ಲಿಂದಲೇ ಅವನ್ನು ನೋಡುತ್ತಾರೆ. ಯಾವ ಹೆಣ್ಣು ಬಂತು, ಯಾವುದು ಮರಿ ಹಾಕಿತು, ಮರಿ ಬಿಟ್ಟು ಎಷ್ಟು ಹೊತ್ತು ಕಡಲಿಗೆ ಹೋಯಿತು, ಎಲ್ಲ ಬರೆದುಕೊಳ್ಳುತ್ತಾರೆ. ಅಮ್ಮ ಕೋಣಕ್ಕೆ ಹೋಲಿಸಿದ ಆ ಗಂಡಿನ ಲೆಕ್ಕವೂ ಅವರ ಬಳಿ ಇರುತ್ತದೆ ಅಂತ ಅಪ್ಪನಿಗೆ ಹೇಳಿ.